ಎಸ್‌ವಿಇ: ಹಾಟ್ ವೈರ್ ಒಂದು ಹೇಳುತ್ತೆ, ಪಿಟಾಟ್ ಇನ್ನೊಂದು. ದಿನಕ್ಕೆ ನಿಜವಾಗಿ ಎಷ್ಟು ಕೆಜಿ ಪೆಟ್ರೋಲ್ ಹೊರಗೆ ಬರ್ತಿದೆ?

ಬಂಕ್_ಮಣ್ಣು:

ನಮಸ್ಕಾರ. ಜಾಗ ಬೆಂಗಳೂರಿನ ಅಂಚಿನಲ್ಲಿರುವ ಹಳೆಯ ಪೆಟ್ರೋಲ್ ಬಂಕ್. ಸೋರುತ್ತಿದ್ದ ಟ್ಯಾಂಕ್ ತೆಗೆದಾಗಿದೆ, ಈಗ ಎಸ್‌ವಿಇ (ಸಾಯಿಲ್ ವೇಪರ್ ಎಕ್ಸ್‌ಟ್ರಾಕ್ಷನ್) ನಡೀತಿದೆ. ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು: ಬಾವಿಗಳಿಗೆ ವ್ಯಾಕ್ಯೂಮ್ ಕೊಟ್ಟು, ಮಣ್ಣಿನ ಸಂದುಗಳಲ್ಲಿ ಸಿಕ್ಕಿಕೊಂಡಿರುವ ಪೆಟ್ರೋಲ್ ಆವಿಯನ್ನು ಗಾಳಿಯ ಜೊತೆ ಹೀರಿ ತೆಗೆಯೋದು.

ಮೂರು ಬಾವಿ, 4 ಇಂಚಿನವು. ಮೂರೂ ಸೇರುವ ಹೆಡರ್ 110 ಎಂಎಂ ಯುಪಿವಿಸಿ, ಒಳವ್ಯಾಸ ಅಳೆದಾಗ 103 ಎಂಎಂ. ಅಲ್ಲಿಂದ ನೀರು ಬೇರ್ಪಡಿಸುವ ನಾಕ್‌ಔಟ್ ಡ್ರಮ್, ಫಿಲ್ಟರ್, ರೀಜನರೇಟಿವ್ ಬ್ಲೋವರ್, ಕೂಲರ್, ಆಮೇಲೆ ತಲಾ 400 ಕೆಜಿ ಇದ್ದಿಲಿನ ಎರಡು ಕಾರ್ಬನ್ ಡ್ರಮ್, ಒಂದರ ಹಿಂದೆ ಒಂದು. ಹೊರಗಾಳಿ ಬೆರೆಸುವ ಡೈಲ್ಯೂಷನ್ ವಾಲ್ವ್ ಪೂರ್ತಿ ಮುಚ್ಚಿದೆ.

ಅಳತೆಗಳೆಲ್ಲ ನಾಕ್‌ಔಟ್ ಡ್ರಮ್ ಆದ ಮೇಲೆ, ಫಿಲ್ಟರ್‌ಗೆ ಮುಂಚೆ ಇರುವ ನೇರ ಪೈಪಿನಲ್ಲಿ:

ವ್ಯಾಕ್ಯೂಮ್ 15 ಕಿಲೋಪಾಸ್ಕಲ್. ಹೊರಗಿನ ಗಾಳಿಯ ಒತ್ತಡ 91 ಕಿಲೋಪಾಸ್ಕಲ್. ಪೈಪಿನೊಳಗಿನ ಉಷ್ಣತೆ 28 ಡಿಗ್ರಿ.
ಹಾಟ್ ವೈರ್ ಅನಿಮೋಮೀಟರ್ (ಗಾಳಿಯ ವೇಗ ತೋರಿಸುವ ಮೀಟರ್), ಪೈಪಿನ ನಡುವೆ: ಸೆಕೆಂಡಿಗೆ 9.9 ಮೀಟರ್.
ಪಿಟಾಟ್ ಟ್ಯೂಬ್ (ಹರಿವಿನ ಒತ್ತಡದ ವ್ಯತ್ಯಾಸ ಅಳೆಯುವ ನಳಿಕೆ), ಅದೇ ಜಾಗದಲ್ಲಿ: 80 ಪಾಸ್ಕಲ್. ಗೇಜಿನ ಜೊತೆ ಬಂದ ಚಾರ್ಟ್ ಪ್ರಕಾರ ಸೆಕೆಂಡಿಗೆ 11.5 ಮೀಟರ್.
ಪಿಐಡಿ ಮೀಟರನ್ನು (ದೀಪದ ಬೆಳಕಿನಿಂದ ಆವಿ ಅಳೆಯುವಂಥದ್ದು) ಪೈಪಿನ ನಿಪ್ಪಲ್‌ಗೆ ನೇರ ಹಚ್ಚಿದರೆ 210 ಪಿಪಿಎಂ.
ಲ್ಯಾಬಿಗೆ ಕಳಿಸಿದ ಒಂದೇ ಒಂದು ಟೆಡ್ಲರ್ ಬ್ಯಾಗ್ (ಗಾಳಿಯ ಸ್ಯಾಂಪಲ್ ತುಂಬುವ ಪ್ಲಾಸ್ಟಿಕ್ ಚೀಲ): ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಘನ ಮೀಟರಿಗೆ 1,400 ಮಿಲಿಗ್ರಾಂ.

ಹಾಟ್ ವೈರ್ ಲೆಕ್ಕದಲ್ಲಿ ಗಂಟೆಗೆ 297 ಘನ ಮೀಟರ್ ಬಂತು. ವ್ಯಾಕ್ಯೂಮ್‌ಗೆ ಅಂತ 76/101.3 ರಿಂದ ಗುಣಿಸಿ 223 ಮಾಡಿಕೊಂಡೆ. ಅದಕ್ಕೆ 210 ಪಿಪಿಎಂ ಹಾಕಿ, ಎಲ್ಲವೂ ಹೆಕ್ಸೇನ್ (ಪೆಟ್ರೋಲಿನ ಒಂದು ಘಟಕ) ಅಂದುಕೊಂಡರೆ ದಿನಕ್ಕೆ 3.95 ಕೆಜಿ. ಇದ್ದಿಲು ತನ್ನ ತೂಕದ 15 ಶೇಕಡಾ ಹಿಡಿಯುತ್ತೆ ಅಂದರೆ ಮೊದಲ ಡ್ರಮ್ 60 ಕೆಜಿಗೆ, ಅಂದರೆ 15 ದಿನಕ್ಕೆ ತುಂಬಬೇಕು. ಆದರೆ ಎರಡು ಸಲವೂ 7-8ನೇ ದಿನಕ್ಕೇ ಬ್ರೇಕ್‌ಥ್ರೂ, ಅಂದರೆ ಆವಿ ಮೊದಲ ಡ್ರಮ್ ದಾಟಿ ಬಂತು. ಬ್ಲೋವರ್ ಕರ್ವ್ (ಯಾವ ವ್ಯಾಕ್ಯೂಮ್‌ಗೆ ಎಷ್ಟು ಹರಿವು ಅನ್ನೋ ಕಂಪನಿಯ ನಕ್ಷೆ) ನೋಡಿದರೆ 15 ಕಿಲೋಪಾಸ್ಕಲ್‌ಗೆ 380 ಘನ ಮೀಟರ್ ಅನ್ನುತ್ತೆ. ಯಾವುದನ್ನು ನಂಬೋದು? ಇದ್ದಿಲು ಕಳಪೆಯಾ, ಲೆಕ್ಕ ಕಳಪೆಯಾ?

---

ಪಾಸ್ಕಲ್_ಲೆಕ್ಕ:

ಇದ್ದಿಲನ್ನು ದೂರೋ ಮುಂಚೆ ಹರಿವು ಸರಿ ಮಾಡಿಕೊಳ್ಳೋಣ. ಅಳೆದ ಅಂಕಿಗಳನ್ನೆಲ್ಲ, ಎಲ್ಲಿ ಅಳೆದಿರಿ ಅನ್ನೋದರ ಸಮೇತ ಕೊಟ್ಟಿದ್ದೀರಿ, ಹಾಗಾಗಿ ಕೂತಲ್ಲೇ ಲೆಕ್ಕ ಹಾಕಬಹುದು.

ಹಾಟ್ ವೈರ್ ನಿಜವಾಗಿ ವೇಗ ಅಳೆಯೋದಿಲ್ಲ. ಕಾದ ತಂತಿಯಿಂದ ಗಾಳಿ ಎಷ್ಟು ಶಾಖ ಒಯ್ಯುತ್ತೆ ಅಂತ ಅಳೆಯುತ್ತೆ, ಅದು ಹಾದುಹೋಗುವ ಗಾಳಿಯ ತೂಕದ ಮೇಲೆ ನಿಂತಿದೆ. ತೆಳು ಗಾಳಿ ಜೋರಾಗಿ ಹೋದರೂ, ದಟ್ಟ ಗಾಳಿ ನಿಧಾನವಾಗಿ ಹೋದರೂ ಒಂದೇ ಅಂಕಿ ಬರಬಹುದು. ಪರದೆ ಮೇಲೆ ಕಾಣೋದು ಸ್ಟ್ಯಾಂಡರ್ಡ್ ವೇಗ: ಅದೇ ಗಾಳಿ ಸುಮಾರು 21 ಡಿಗ್ರಿ, 101.4 ಕಿಲೋಪಾಸ್ಕಲ್‌ನಲ್ಲಿದ್ದಿದ್ದರೆ ಎಷ್ಟು ವೇಗ ಇರುತ್ತಿತ್ತು ಅಂತ. ನಿಮ್ಮ ಮೀಟರಿನ ಕೈಪಿಡಿಯಲ್ಲಿ ಈ ಎರಡು ಅಂಕಿ ಹುಡುಕಿ, ಒಂದೊಂದು ಕಂಪನಿಯದು ಒಂದೊಂದು. ಅಂದಮೇಲೆ 76/101.3 ರಿಂದ ನೀವು ಗುಣಿಸಿದ್ದು ಒಮ್ಮೆ ತಿದ್ದಿದ್ದನ್ನು ಎರಡನೇ ಸಲ ತಿದ್ದಿದ ಹಾಗೆ. ಹರಿವಿನ ಕಾಲು ಭಾಗ ಅಲ್ಲೇ ಹೋಯಿತು. (ಕೆಲವು ಮೀಟರಿನಲ್ಲಿ ಬ್ಯಾರೋಮೀಟರ್ ಸೇರಿಸಿ ನಿಜ ವೇಗ ತೋರಿಸುವ ಮೋಡ್ ಇರುತ್ತೆ. ಅದು ಆನ್ ಆಗಿದ್ದರೆ ಹೊರಗಿನ ಒತ್ತಡ ತೆಗೆದುಕೊಳ್ಳುತ್ತೆ, ಪೈಪಿನೊಳಗಿನದನ್ನಲ್ಲ. ಆಫ್ ಮಾಡಿ.)

ಪಿಟಾಟ್‌ನದು ಇದರ ಉಲ್ಟಾ. ಅದು ಕೊಡೋದು ಬರೀ ಒತ್ತಡದ ವ್ಯತ್ಯಾಸ. ವೇಗ = √(2 × ವ್ಯತ್ಯಾಸ ÷ ಸಾಂದ್ರತೆ). ಚಾರ್ಟ್ ಮಾಡಿದವರು ಸಾಂದ್ರತೆ 1.2 ಅಂತ ಹಿಡಿದಿರುತ್ತಾರೆ. ನಿಮ್ಮ ಪೈಪಿನಲ್ಲಿ ಅಷ್ಟು ಗಾಳಿ ಇಲ್ಲ:

ಸಾಂದ್ರತೆ = 76,000 × 0.02897 ÷ (8.314 × 301) = ಘನ ಮೀಟರಿಗೆ 0.88 ಕೆಜಿ.
ನಡುವಿನ ವೇಗ = √(2 × 80 ÷ 0.88) = ಸೆಕೆಂಡಿಗೆ 13.5 ಮೀಟರ್.

ಈಗ ಈ 13.5 ಅನ್ನು ಸ್ಟ್ಯಾಂಡರ್ಡ್‌ಗೆ ತನ್ನಿ: 13.5 × (76 ÷ 101.4) × (294 ÷ 301) = 9.9. ನಿಮ್ಮ ಹಾಟ್ ವೈರ್ ಹೇಳಿದ್ದೂ ಅದನ್ನೇ. ಎರಡೂ ಮೀಟರ್ ಒಂದೇ ಮಾತು ಹೇಳುತ್ತಿವೆ, ಜಗಳ ಇರೋದು ಚಾರ್ಟಿನ ಜೊತೆ. ಆವಿಯ ತೇವ ಸಾಂದ್ರತೆಯನ್ನು ಸುಮಾರು 2 ಶೇಕಡಾ ಇಳಿಸುತ್ತೆ, ಹೈಡ್ರೋಕಾರ್ಬನ್ ಸ್ವಲ್ಪ ಏರಿಸುತ್ತೆ. ವೇಗ ಸಾಂದ್ರತೆಯ ವರ್ಗಮೂಲದ ಮೇಲಿರೋದರಿಂದ ಈ ಹಂತದಲ್ಲಿ ಅದನ್ನು ಬಿಟ್ಟುಬಿಡಿ.

ಎರಡನೇ ತಪ್ಪು: ನಡುವಿನ ವೇಗವೇ ಇಡೀ ಪೈಪಿನ ವೇಗ ಅಂದುಕೊಂಡಿದ್ದು. ಗೋಡೆ ಹತ್ತಿರ ಗಾಳಿ ನಿಧಾನ. ನಿಮ್ಮ ಪೈಪಿನಲ್ಲಿ ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಕದಡಿದೆ ಅನ್ನೋದರ ಅಂಕಿ) 50,000ದ ಆಸುಪಾಸು, ಅಲ್ಲಿ ಸರಾಸರಿ ವೇಗ ನಡುವಿನದರ ಸುಮಾರು 0.82 ಪಟ್ಟು. ಇದು ಅಂದಾಜು ಮಾತ್ರ. ಎಲ್ಬೋ ಹತ್ತಿರದಲ್ಲಿದ್ದರೆ ಹರಿವು ಒಂದು ಪಕ್ಕಕ್ಕೆ ವಾಲಿರುತ್ತೆ, ಆಗ 0.82 ಕೂಡ ಸುಳ್ಳು. ಟ್ರಾವರ್ಸ್ ಮಾಡಿ, ಅಂದರೆ ಪೈಪಿನ ಅಡ್ಡಕ್ಕೆ ಹಲವು ಬಿಂದುಗಳಲ್ಲಿ ಅಳೆಯಿರಿ. ಪೈಪಿಗೆ 90 ಡಿಗ್ರಿಯಲ್ಲಿ ಎರಡು ತೂತು, ಪ್ರತಿ ವ್ಯಾಸದ ಮೇಲೆ ನಾಲ್ಕು ಬಿಂದು. ಸಮ ವಿಸ್ತೀರ್ಣದ ಬಿಂದುಗಳು ವ್ಯಾಸದ 6.7, 25, 75, 93.3 ಶೇಕಡಾದಲ್ಲಿ ಬರುತ್ತವೆ. ನಿಮ್ಮ 103 ಎಂಎಂಗೆ ಗೋಡೆಯಿಂದ 7, 26, 77, 96 ಎಂಎಂ. ಪ್ರೋಬಿನ ಮೇಲೆ ಟೇಪ್ ಸುತ್ತಿ ಗುರುತು ಹಾಕಿಕೊಂಡರೆ ಕೈ ತಪ್ಪಲ್ಲ. ಅಳೆಯುವ ಜಾಗದ ಹಿಂದೆ 8 ವ್ಯಾಸ, ಮುಂದೆ 2 ವ್ಯಾಸ ನೇರ ಪೈಪ್ ಬೇಕು, ಅಂದರೆ 82 ಸೆಂಮೀ ಮತ್ತು 21 ಸೆಂಮೀ. ಅಳೆಯದ ತೂತನ್ನು ರಬ್ಬರ್ ಬಿರಡೆ ಹಾಕಿ ಮುಚ್ಚಿ. ತೆರೆದ ತೂತಿನಿಂದ ಒಳಗೆ ನುಗ್ಗುವ ಗಾಳಿಯೇ ಅಳತೆ ಕೆಡಿಸುತ್ತೆ. ಪಿಟಾಟ್‌ನಲ್ಲಿ ಮಾಡಿದರೆ ಪ್ರತಿ ಬಿಂದುವಿನ ಒತ್ತಡದ ವರ್ಗಮೂಲ ತೆಗೆದು ಆಮೇಲೆ ಸರಾಸರಿ ಮಾಡಬೇಕು. ಒತ್ತಡಗಳ ಸರಾಸರಿ ಮಾಡಿ ವರ್ಗಮೂಲ ತೆಗೆದರೆ ಹರಿವು ಹೆಚ್ಚು ಬರುತ್ತೆ.

ಸದ್ಯಕ್ಕೆ 0.82 ಹಿಡಿದರೆ: ಪೈಪಿನ ಅಡ್ಡಕೊಯ್ತ 0.00833 ಚದರ ಮೀಟರ್, ಪೈಪಿನೊಳಗೆ ಇರುವ ಹಾಗೇ ಗಂಟೆಗೆ ಸುಮಾರು 331 ಘನ ಮೀಟರ್, 25 ಡಿಗ್ರಿ ಮತ್ತು ಒಂದು ಅಟ್ಮಾಸ್ಫಿಯರ್‌ಗೆ ತಂದರೆ 246. ತೂಕದ ಲೆಕ್ಕಕ್ಕೆ ಬೇಕಿರೋದು ಈ 246.

ಇನ್ನು ಬ್ಲೋವರ್ ಕರ್ವ್. ಅದು ಸಮುದ್ರ ಮಟ್ಟದ ಗಾಳಿಗೆ ಬರೆದದ್ದು. ಬ್ಲೋವರ್‌ಗೆ ಗೊತ್ತಾಗೋದು ಒತ್ತಡದ ಅನುಪಾತ: 91 ÷ 76 = 1.197. ಇದೇ ಅನುಪಾತ ಮಂಗಳೂರಿನಲ್ಲಿ ಬರಬೇಕಾದರೆ 16.7 ಕಿಲೋಪಾಸ್ಕಲ್ ವ್ಯಾಕ್ಯೂಮ್ ಬೇಕು. ಕರ್ವ್‌ನಲ್ಲಿ 15 ಬಿಟ್ಟು 16.7ರ ನೇರಕ್ಕೆ ಓದಿ, ಅದನ್ನು 331ರ ಜೊತೆ ಹೋಲಿಸಿ. ಕರ್ವ್‌ನ ಘನ ಮೀಟರ್ ಒಳಬಾಯಿಯ ನಿಜ ಗಾತ್ರವೋ ಸ್ಟ್ಯಾಂಡರ್ಡ್ ಗಾತ್ರವೋ ಅಂತ ಅಡಿಟಿಪ್ಪಣಿಯಲ್ಲಿ ನೋಡಿಕೊಳ್ಳಿ.

91 ಅನ್ನೋದು ಎಲ್ಲಿಂದ ತಂದಿರಿ ಅಂತ ಹೇಳಿಲ್ಲ. ಸರಿಯಾಗೇ ಇದೆ. ಆದರೆ ಓದುವ ಬೇರೆಯವರಿಗೆ ಎಚ್ಚರಿಕೆ: ಹವಾಮಾನ ಆ್ಯಪ್ ಬೆಂಗಳೂರಿಗೂ 1010-1015 ಹೆಕ್ಟೋಪಾಸ್ಕಲ್ ಅಂತಲೇ ತೋರಿಸುತ್ತೆ, ಅದು ಸಮುದ್ರ ಮಟ್ಟಕ್ಕೆ ಇಳಿಸಿದ ಅಂಕಿ. ಅದನ್ನು ಹಾಕಿದರೆ ಸಾಂದ್ರತೆಯಲ್ಲಿ 13 ಶೇಕಡಾ ತಪ್ಪು. ಕೈಯಲ್ಲಿರುವ ಬ್ಯಾರೋಮೀಟರಿನ ತಿದ್ದದ ಅಂಕಿಯೇ ಬೇಕು.

---

ಆವಿಮಾಪಕ:

ಹರಿವಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸೋದು ಒಂದೇ: ಗೇಜಿನ ಅಳತೆಪಟ್ಟಿ. 250 ಪಾಸ್ಕಲ್ ಗೇಜಿನಲ್ಲಿ 2 ಶೇಕಡಾ ಅಂದರೆ ಪೂರ್ಣ ಪಟ್ಟಿಯ 2 ಶೇಕಡಾ, 5 ಪಾಸ್ಕಲ್. ಮುಳ್ಳು 80ರಲ್ಲಿದ್ದಾಗ ಅದು 6 ಶೇಕಡಾ ಆಯಿತು, 20ರಲ್ಲಿದ್ದಾಗ 25 ಶೇಕಡಾ. ಒಂದೊಂದು ಬಾವಿಯ ಸಣ್ಣ ಹರಿವು ಅಳೆಯುವಾಗ ಇದೇ ಮುಳುಗಿಸೋದು. ಬಾವಿ ಪೈಪನ್ನು 50 ಎಂಎಂಗೆ ಇಳಿಸಿ ಅಳೆದರೆ ವೇಗ ಏರಿ ಅಳತೆ ನಂಬಿಕೆಗೆ ಬರುತ್ತೆ. ಗೇಜಿನ ಟ್ಯೂಬ್‌ಗಳು ಪೈಪಿಗಿಂತ ಮೇಲೆ ಹೋಗಲಿ. ಜೋತುಬಿದ್ದ ಕಡೆ ಒಂದು ಹನಿ ನೀರು ಕೂತರೂ ಸಾಕು; 1 ಎಂಎಂ ನೀರು 9.8 ಪಾಸ್ಕಲ್.

ಈಗ ಪಿಐಡಿ. ನನ್ನ ಅನುಮಾನದಲ್ಲಿ ನಿಮ್ಮ ದೊಡ್ಡ ತಪ್ಪು ಇಲ್ಲಿದೆ. ಮೂರು ಬೇರೆ ಬೇರೆ ಕಾರಣಗಳು, ಮೂರೂ ಅಂಕಿಯನ್ನು ಕೆಳಗೆ ಎಳೆಯುವಂಥವು.

ಒಂದು, ವ್ಯಾಕ್ಯೂಮ್ ಇರುವ ಪೈಪಿಗೆ ಮೀಟರ್ ನೇರ ಹಚ್ಚಿದ್ದು. ಪಿಐಡಿ ಒಳಗಿನ ಪುಟಾಣಿ ಪಂಪ್ 15 ಕಿಲೋಪಾಸ್ಕಲ್ ಎದುರು ಸರಿಯಾಗಿ ಎಳೆಯೋದಿಲ್ಲ. ಎಳೆದಷ್ಟರಲ್ಲೂ ಜಾಯಿಂಟ್‌ನಿಂದ ಹೊರಗಾಳಿ ಸೇರುತ್ತೆ. ಇದಕ್ಕೆ ಲಂಗ್ ಬಾಕ್ಸ್ ಬಳಸಿ: ಗಾಳಿಯಾಡದ ಗಟ್ಟಿ ಡಬ್ಬಿ, ಒಳಗೆ ಖಾಲಿ ಟೆಡ್ಲರ್ ಬ್ಯಾಗ್. ಬ್ಯಾಗಿನ ಬಾಯಿ ಟೆಫ್ಲಾನ್ ಟ್ಯೂಬ್ ಮೂಲಕ ಪೈಪಿನ ನಿಪ್ಪಲ್‌ಗೆ. ಡಬ್ಬಿಯ ಗಾಳಿಯನ್ನು ಪಂಪ್ ಹೊರಗೆ ಎಳೆಯಬೇಕು. ಡಬ್ಬಿಯ ವ್ಯಾಕ್ಯೂಮ್ ಪೈಪಿನದಕ್ಕಿಂತ ಹೆಚ್ಚಾದಾಗ ಮಾತ್ರ ಬ್ಯಾಗ್ ಉಬ್ಬುತ್ತೆ, ನಿಮಗೆ 25 ಕಿಲೋಪಾಸ್ಕಲ್ ತನಕ ಎಳೆಯುವ ಪಂಪ್ ಸಾಕು. ಮೊದಲ ತುಂಬುವಿಕೆ ಚೆಲ್ಲಿ, ಎರಡನೆಯದನ್ನು ಇಟ್ಟುಕೊಳ್ಳಿ. ಬ್ಯಾಗಿನ ಕವಾಟ ಮುಚ್ಚಿ, ಹೊರಗೆ ತೆಗೆದು, ಪಿಐಡಿಯಲ್ಲಿ ಓದಿ. ಸಿಲಿಕೋನ್ ಟ್ಯೂಬ್ ಬೇಡ, ಆವಿಯನ್ನು ಕುಡಿದು ನಾಳೆ ವಾಪಸ್ ಬಿಡುತ್ತೆ.

ಎರಡು, ತೇವ. ಮಣ್ಣಿನಿಂದ ಬರುವ ಗಾಳಿ ಹೆಚ್ಚುಕಡಿಮೆ 100 ಶೇಕಡಾ ಆರ್ದ್ರತೆಯಲ್ಲಿರುತ್ತೆ. ನೀರಾವಿ ದೀಪದ ಬೆಳಕನ್ನು ನುಂಗಿ ಅಂಕಿ ತಗ್ಗಿಸುತ್ತೆ. ಸೆನ್ಸರ್ ಮೇಲೆ ಕೊಳೆ ಇದ್ದು ಹನಿಗಟ್ಟಿದರೆ ಉಲ್ಟಾ, ಅಂಕಿ ನಿಲ್ಲದೆ ಏರುತ್ತಾ ಹೋಗುತ್ತೆ. ಎಷ್ಟು ತಗ್ಗುತ್ತಿದೆ ಅಂತ ತಿಳಿಯೋಕೆ ಸುಲಭ ಪರೀಕ್ಷೆ: ಬ್ಯಾಗಿನಿಂದ 1 ಲೀಟರ್, ಒಣ ಶುದ್ಧ ಗಾಳಿ 1 ಲೀಟರ್ ಇನ್ನೊಂದು ಬ್ಯಾಗಿಗೆ ತುಂಬಿ ಓದಿ. ಅಂಕಿ ಅರ್ಧಕ್ಕೆ ಇಳಿಯಬೇಕು. ಅರ್ಧಕ್ಕಿಂತ ಹೆಚ್ಚು ಬಂದರೆ ತೇವವೋ ಮೀಥೇನೋ ಮೊದಲ ಅಂಕಿಯನ್ನು ನುಂಗಿತ್ತು ಅಂತ ಅರ್ಥ.

ಮೂರನೆಯದು ಹೆಚ್ಚಿನವರು ಮರೆಯುವಂಥದ್ದು. 10.6 ಇವಿ (ಬೆಳಕಿನ ಶಕ್ತಿಯ ಅಳತೆ) ದೀಪದ ಪಿಐಡಿ ಎಲ್ಲ ಹೈಡ್ರೋಕಾರ್ಬನ್‌ಗಳನ್ನೂ ಒಂದೇ ಕಣ್ಣಿನಲ್ಲಿ ನೋಡೋದಿಲ್ಲ. ಐಸೊಬ್ಯುಟಿಲೀನ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿದರೆ ತಿದ್ದುಪಡಿ ಗುಣಕ (ಮೀಟರಿನ ಅಂಕಿಯನ್ನು ಗುಣಿಸಬೇಕಾದ ಸಂಖ್ಯೆ) ಬೆಂಜೀನ್, ಟಾಲ್ವೀನ್‌ಗೆ ಸುಮಾರು 0.5, ಹೆಕ್ಸೇನ್‌ಗೆ 4ರ ಮೇಲೆ, ಪೆಂಟೇನ್‌ಗೆ 8ರ ಸುತ್ತಮುತ್ತ. ಮೀಥೇನ್ ಕಾಣೋದೇ ಇಲ್ಲ. ಪೆಟ್ರೋಲ್ ಆವಿಯಲ್ಲಿ ಮೊದಮೊದಲು ಹಾರೋದು ಹಗುರದವು, ಪಿಐಡಿಗೆ ಸರಿಯಾಗಿ ಕಾಣದವು. ತಿಂಗಳು ಕಳೆದಂತೆ ಅವು ಖಾಲಿಯಾಗಿ ಆರೊಮ್ಯಾಟಿಕ್‌ಗಳ ಪಾಲು ಏರುತ್ತೆ, ಆಗ ಪಿಐಡಿ ಕಣ್ಣು ಅಗಲವಾಗುತ್ತೆ. ಅದಕ್ಕೇ ಒಂದು ಸಲ ಹುಡುಕಿದ ಗುಣಕ ಕೊನೆತನಕ ನಡೆಯೋದಿಲ್ಲ.

ನಿಮ್ಮ ಲ್ಯಾಬ್ ಅಂಕಿ 1,400 ಮಿಲಿಗ್ರಾಂ, ಹೆಕ್ಸೇನ್ ಲೆಕ್ಕದಲ್ಲಿ 1,400 × 24.45 ÷ 86.2 = 397 ಪಿಪಿಎಂ. ಪಿಐಡಿ 210 ಅಂದಿದೆ. ಲ್ಯಾಬನ್ನೇ ಹಿಡಿಯಿರಿ. ಆದರೆ ಅವರನ್ನು ಎರಡು ಕೇಳಿ: ಮಿಲಿಗ್ರಾಂ ಯಾವ ಉಷ್ಣತೆ, ಒತ್ತಡಕ್ಕೆ? ಮತ್ತು ಯಾವುದರ ಸಮಾನದಲ್ಲಿ? ವರದಿಯಲ್ಲಿ ಪಿಪಿಎಂ ಮಾತ್ರ ಬರೆದು, ಅದು ಮೀಥೇನ್ ಸಮಾನ ಆಗಿದ್ದರೆ ಹೆಕ್ಸೇನ್‌ಗೆ 6ರಿಂದ ಭಾಗಿಸಬೇಕು. ಅಣುತೂಕ 100 ಹಾಕೋರೂ ಇದ್ದಾರೆ. ತಾಜಾ ಪೆಟ್ರೋಲ್ ಆವಿಯದು 65ರ ಆಸುಪಾಸು, ಹಳೆಯದಾದಂತೆ ಏರುತ್ತೆ. ಪಿಪಿಎಂನಿಂದ ತೂಕಕ್ಕೆ ಹೋಗುವಾಗ ಆ ಒಂದು ಅಂಕಿಯಲ್ಲೇ 50 ಶೇಕಡಾ ತಪ್ಪಬಹುದು. ಆದ್ದರಿಂದ ಲ್ಯಾಬಿನಿಂದ ಮಿಲಿಗ್ರಾಂನಲ್ಲೇ ವರದಿ ತರಿಸಿ.

ಟೆಡ್ಲರ್ ಬ್ಯಾಗ್ 72 ಗಂಟೆಯೊಳಗೆ ಲ್ಯಾಬಿನಲ್ಲಿ ಓದಿಸಬೇಕು, ಬೇಗ ಆದಷ್ಟೂ ಒಳ್ಳೆಯದು. ಬಿಸಿಲಿಗೆ ಇಡಬೇಡಿ, ಐಸ್ ಡಬ್ಬಿಯಲ್ಲೂ ಇಡಬೇಡಿ. ತಣ್ಣಗಾದರೆ ನೀರು ಹನಿಗಟ್ಟಿ ಭಾರದ ಹೈಡ್ರೋಕಾರ್ಬನ್ ಗೋಡೆಗೆ ಅಂಟುತ್ತೆ. ವಿಮಾನದಲ್ಲಿ ಕಳಿಸೋದಾದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ ತುಂಬಿ.

ಇನ್ನೊಂದು, ಜೀವದ ವಿಷಯ. ಮಾಮೂಲಿ ಹಾಟ್ ವೈರ್ ಅಂದರೆ ಪೆಟ್ರೋಲ್ ಆವಿಯೊಳಗೆ ಕಾದ ತಂತಿ. ಪೆಟ್ರೋಲ್ ಆವಿ ಹೊತ್ತಿಕೊಳ್ಳುವ ಕೆಳಮಿತಿ 1.4 ಶೇಕಡಾ, ಅಂದರೆ 14,000 ಪಿಪಿಎಂ. ಈಗಿನ 400 ಅದರ 3 ಶೇಕಡಾ ಮಾತ್ರ, ಸರಿ. ಆದರೆ ಹೊಸ ಬಾವಿ ತೆರೆದ ದಿನ, ಅಥವಾ ವಾರಗಟ್ಟಲೆ ನಿಂತ ಬ್ಲೋವರ್ ಮತ್ತೆ ಶುರು ಮಾಡಿದ ಮೊದಲ ಗಂಟೆ ಅದನ್ನು ಪೈಪಿಗೆ ಹಾಕಬೇಡಿ. ಆ ಹೊತ್ತು ಪಿಟಾಟ್ ಸಾಕು. ಎಲ್‌ಇಎಲ್ (ಹೊತ್ತಿಕೊಳ್ಳುವ ಕೆಳಮಿತಿ) ಮೀಟರಿನ ಕ್ಯಾಟಲಿಟಿಕ್ ಸೆನ್ಸರ್‌ಗೆ ಆಮ್ಲಜನಕ ಬೇಕು ಅನ್ನೋದೂ ನೆನಪಿರಲಿ. ನಿಂತ ಬಾವಿಯ ಗಾಳಿಯಲ್ಲಿ ಆಮ್ಲಜನಕ 5 ಶೇಕಡಾಕ್ಕೆ ಇಳಿದಿದ್ದರೆ ಆ ಮೀಟರ್ ಸುರಕ್ಷಿತ ಅಂತ ಸುಳ್ಳು ಹೇಳುತ್ತೆ.

---

ಬಂಕ್_ಮಣ್ಣು:

ಇಬ್ಬರಿಗೂ ಧನ್ಯವಾದ. ಹೇಳಿದ ಹಾಗೆ ಮಾಡಿ ನೋಡಿದೆ.

ಹಾಟ್ ವೈರ್ ಟ್ರಾವರ್ಸ್, ಗೋಡೆಯಿಂದ 7, 26, 77, 96 ಎಂಎಂನಲ್ಲಿ. ಅಡ್ಡ: 7.1, 8.8, 9.0, 7.3. ಲಂಬ: 7.0, 8.7, 9.0, 7.4. ಸರಾಸರಿ 8.04. 25 ಡಿಗ್ರಿಗೆ ತಂದಾಗ ಗಂಟೆಗೆ 244 ಘನ ಮೀಟರ್. ಬ್ಲೋವರ್ ಕರ್ವ್ 16.7ಕ್ಕೆ 340, ಅದು ಒಳಬಾಯಿಯ ನಿಜ ಗಾತ್ರ ಅಂತ ಟಿಪ್ಪಣಿಯಲ್ಲೇ ಇದೆ.

ಲಂಗ್ ಬಾಕ್ಸ್ ಬ್ಯಾಗಿನಿಂದ ಪಿಐಡಿ 310. ಅರ್ಧ ಬೆರೆಸಿದ ಬ್ಯಾಗ್ 172 ತೋರಿಸಿತು, ಅಂದರೆ 155 ಬದಲು. ಲ್ಯಾಬ್ ಹೇಳಿದ್ದು: 25 ಡಿಗ್ರಿ, ಒಂದು ಅಟ್ಮಾಸ್ಫಿಯರ್, ಪೆಟ್ರೋಲ್ ಸ್ಟ್ಯಾಂಡರ್ಡ್ ಹಾಕಿ ಓದಿದ್ದು.

ಹಾಗಾದರೆ 244 × 1.4 = ಗಂಟೆಗೆ 342 ಗ್ರಾಂ, ದಿನಕ್ಕೆ 8.2 ಕೆಜಿ. 60 ಕೆಜಿಗೆ 7.3 ದಿನ. ಇದ್ದಿಲಿನ ಮೇಲಿನ ಅನುಮಾನ ವಾಪಸ್ ತಗೊಳ್ತೀನಿ.

---

ಇದ್ದಿಲು_400:

ಅಷ್ಟು ಬೇಗ ವಾಪಸ್ ತೆಗೆದುಕೊಳ್ಳಬೇಡಿ. ಲೆಕ್ಕ ಕೂಡಿಬಂತು ಎನ್ನುವುದು ನಿಜ, ಆದರೆ 15 ಶೇಕಡಾ ಎನ್ನುವುದು ನೀವು ಊಹಿಸಿದ ಅಂಕಿ, ಅಳೆದದ್ದಲ್ಲ. ಈಗ ಅದನ್ನು ಅಳೆದಂತೆ ಆಗಿದೆ, ಅಷ್ಟೇ. ಅದು ಇನ್ನೂ ಹೆಚ್ಚಾಗಬಹುದೇ ಎಂದು ನೋಡಿ.

ಕೂಲರ್‌ನಿಂದ ಹೊರಬರುವ ಗಾಳಿ ಎಷ್ಟು ಡಿಗ್ರಿ ಎಂದು ಬರೆದಿಲ್ಲ. ಅದು ಮುಖ್ಯ. ಹೆಡರ್‌ನಲ್ಲಿ ಗಾಳಿ 28 ಡಿಗ್ರಿಯಲ್ಲಿ ತೇವದಿಂದ ತುಂಬಿದೆ, ನೀರಾವಿಯ ಪಾಲು 3.8 ಕಿಲೋಪಾಸ್ಕಲ್. ಬ್ಲೋವರ್ ಅದನ್ನು 76ರಿಂದ ಸುಮಾರು 93ಕ್ಕೆ ಒತ್ತುತ್ತದೆ, ಆಗ ನೀರಾವಿಯ ಪಾಲೂ 4.6ಕ್ಕೆ ಏರುತ್ತದೆ. ಕೂಲರ್ ಅದನ್ನು 35 ಡಿಗ್ರಿಗೆ ಇಳಿಸಿದರೆ ಆರ್ದ್ರತೆ 82 ಶೇಕಡಾ. 40ರಲ್ಲಿ ನಿಲ್ಲಿಸಿದರೆ 63. 45ರಲ್ಲಿ 48. ಆರ್ದ್ರತೆ 50 ಶೇಕಡಾ ದಾಟಿದ ಮೇಲೆ ಇದ್ದಿಲಿನ ಸಣ್ಣ ರಂಧ್ರಗಳಲ್ಲಿ ನೀರು ಕೂರಲು ಶುರು, ಪೆಟ್ರೋಲಿಗೆ ಜಾಗ ಕಡಿಮೆ. ಹಾಗೆಂದು ಬಿಸಿ ಏರಿಸುತ್ತಾ ಹೋದರೆ ಹಿಡಿಯುವ ಶಕ್ತಿಯೇ ಕುಂದುತ್ತದೆ. ನಿಮ್ಮ ಸ್ಥಿತಿಯಲ್ಲಿ 40ರಿಂದ 45ರ ನಡುವೆ ಎಲ್ಲೋ ಒಳ್ಳೆಯ ಜಾಗ ಇದೆ. ಕೂಲರ್ ಫ್ಯಾನನ್ನು ಪೂರ್ತಿ ಓಡಿಸುವುದು ಒಳ್ಳೆಯದೆಂದು ಎಲ್ಲರೂ ಭಾವಿಸುತ್ತಾರೆ. ಮಳೆಗಾಲದಲ್ಲಿ ಅದೇ ಕೆಟ್ಟದ್ದು.

ಬ್ರೇಕ್‌ಥ್ರೂ ಎಂದರೆ ಏನನ್ನು ನೋಡಿ ಹೇಳುತ್ತಿದ್ದೀರಿ? ಮೊದಲು ನುಸುಳಿ ಬರುವುದು ಬ್ಯುಟೇನ್, ಪೆಂಟೇನ್. ಇವೇ ಪಿಐಡಿಗೆ ಸರಿಯಾಗಿ ಕಾಣದವು. ಎರಡು ಡ್ರಮ್‌ಗಳ ನಡುವಿನ ನಿಪ್ಪಲ್‌ನಲ್ಲಿ ಪಿಐಡಿ ಸೊನ್ನೆ ತೋರಿಸುವಾಗಲೇ ಹಗುರದವು ದಾಟಿ ಹೋಗಿರಬಹುದು. ಡ್ರಮ್ ಬದಲಿಸುವ ಮುನ್ನ ಒಮ್ಮೆ ನಡುವಿನ ನಿಪ್ಪಲ್‌ನಿಂದಲೂ ಬ್ಯಾಗ್ ಲ್ಯಾಬಿಗೆ ಕಳಿಸಿ. ಬದಲಿಸುವಾಗ ಹಿಂದಿನ ಡ್ರಮ್ ಮುಂದಕ್ಕೆ, ಹೊಸದು ಹಿಂದಕ್ಕೆ.

ಮೂರನೆಯ ಮಾತು: ಇದ್ದಿಲಿಗೆ ಮುಂಚೆ, ಬ್ಲೋವರ್ ಆದ ಮೇಲೆ ಒಂದು ನಿಪ್ಪಲ್ ಹಾಕಿಸಿ. ಅಲ್ಲಿ ಒತ್ತಡ ಹೊರಗಿಗಿಂತ ಹೆಚ್ಚು, ಬ್ಯಾಗ್ ತಾನೇ ತುಂಬುತ್ತದೆ, ಲಂಗ್ ಬಾಕ್ಸ್ ಬೇಡ. ಪಿಪಿಎಂ ಒಂದು ಅನುಪಾತ, ಒತ್ತಿದರೂ ಬಿಸಿ ಮಾಡಿದರೂ ಬದಲಾಗದು. ಹಾಗಾಗಿ ಹೆಡರ್‌ನ ಅಂಕಿಗೂ ಇಲ್ಲಿನ ಅಂಕಿಗೂ ವ್ಯತ್ಯಾಸ ಬಂದರೆ ನಡುವೆ ಎಲ್ಲೋ ಹೊರಗಾಳಿ ಒಳಗೆ ಬರುತ್ತಿದೆ ಎಂದು ಅರ್ಥ. ಫಿಲ್ಟರ್ ಮುಚ್ಚಳದ ಗ್ಯಾಸ್ಕೆಟ್, ಬ್ಲೋವರ್ ಶಾಫ್ಟ್ ಸೀಲ್, ಮುಚ್ಚಿದೆ ಎಂದುಕೊಂಡ ಡೈಲ್ಯೂಷನ್ ವಾಲ್ವ್, ಈ ಕ್ರಮದಲ್ಲಿ ಹುಡುಕಿ. ಹರಿವು ಒಂದು ಕಡೆಯದು, ಪಿಪಿಎಂ ಇನ್ನೊಂದು ಕಡೆಯದು ಹಾಕಿ ಗುಣಿಸುವ ತಪ್ಪು ಇಂಥ ಸೋರಿಕೆ ಇದ್ದಾಗಲೇ ಆಗುವುದು.

---

ಬೇರು_ಉಸಿರು:

ಬಾವಿಯಿಂದ ಪೈಪಿಗೆ ಬರುವ ದಾರಿಯಲ್ಲೂ ಸೋರಿಕೆ ಇರಬಹುದು, ಅದನ್ನು ಹಿಡಿಯೋಕೆ ಸಿಒ2 ನೋಡಿ. ಬಾವಿ ಬಾಯಿಯಲ್ಲಿ 1 ಶೇಕಡಾ ಇದ್ದು ಹೆಡರ್‌ನಲ್ಲಿ ಅರ್ಧ ಆದರೆ, ನಡುವೆ ಅಷ್ಟೇ ಹೊರಗಾಳಿ ಸೇರಿದೆ. ಹೊರಗಾಳಿಯಲ್ಲಿ ಸಿಒ2 0.04 ಶೇಕಡಾ ಮಾತ್ರ, ಹಾಗಾಗಿ ಇದು ಒಳ್ಳೆ ಗುರುತು.

ಆದರೆ ನಾನು ಬರೆಯಬೇಕೆಂದಿದ್ದು ಬೇರೆ. ಇಲ್ಲಿ ಎಲ್ಲರೂ ಪೈಪಿನಲ್ಲಿ ಹೊರಬಂದ ಪೆಟ್ರೋಲ್ ಮಾತ್ರ ಎಣಿಸುತ್ತಿದ್ದೀರಿ. ಮಣ್ಣಿನೊಳಗೆ ಬ್ಯಾಕ್ಟೀರಿಯಾ ತಿಂದು ಮುಗಿಸಿದ್ದು ಲೆಕ್ಕಕ್ಕೇ ಬಂದಿಲ್ಲ. ಬಾವಿಗೆ ವ್ಯಾಕ್ಯೂಮ್ ಕೊಟ್ಟಾಗ ಮೇಲಿನಿಂದ ಹೊಸ ಗಾಳಿ ಮಣ್ಣಿಗಿಳಿಯುತ್ತೆ, ಅದರ ಆಮ್ಲಜನಕದಿಂದ ಅವು ಕೆಲಸ ಶುರು ಮಾಡುತ್ತವೆ. ಅಮೆರಿಕದ ಯೂಟಾದ ಹಿಲ್ ವಾಯುಪಡೆ ನೆಲೆಯಲ್ಲಿ 1985ರಲ್ಲಿ ಸುಮಾರು 27,000 ಗ್ಯಾಲನ್ ಜೆಪಿ-4 ವಿಮಾನ ಇಂಧನ ಚೆಲ್ಲಿತ್ತು. ಅಲ್ಲಿ ಆವಿ ಹೀರುವಾಗ ಆಮ್ಲಜನಕ, ಸಿಒ2 ಅಳೆದಿದ್ದರಿಂದಲೇ ಇಂಧನದ ಗಣನೀಯ ಪಾಲು ಜೈವಿಕವಾಗಿ ಕರಗುತ್ತಿದೆ ಅಂತ ಗೊತ್ತಾಗಿದ್ದು.

ಲೆಕ್ಕ ಸುಲಭ. ಹೆಕ್ಸೇನ್ ಒಂದು ಅಣುವಿಗೆ ಆಮ್ಲಜನಕ 9.5 ಅಣು, ತೂಕದಲ್ಲಿ 1 ಕೆಜಿಗೆ 3.5 ಕೆಜಿ. ಹೆಡರ್‌ನಲ್ಲಿ ಆಮ್ಲಜನಕ 20.1 ಶೇಕಡಾ ಇದೆ ಅಂದುಕೊಳ್ಳಿ. ಹೊರಗೆ 20.9. ಕೊರತೆ 0.8. ಆದರೆ ಪೆಟ್ರೋಲ್ ಇಲ್ಲದ ಮಣ್ಣೂ ಉಸಿರಾಡುತ್ತೆ. ಪಕ್ಕದ ಶುದ್ಧ ಜಾಗದ ಪ್ರೋಬಿನಲ್ಲಿ 0.3 ಕೊರತೆ ಇದ್ದರೆ ಅದನ್ನು ಕಳೆಯಬೇಕು. ಉಳಿದ 0.5ಕ್ಕೆ: 244 × 0.005 × 1.31 ÷ 3.5 = ಗಂಟೆಗೆ 0.46 ಕೆಜಿ, ದಿನಕ್ಕೆ 11 ಕೆಜಿ. ನೀವು ಪೈಪಿನಲ್ಲಿ ತೆಗೆಯುತ್ತಿರುವ 8.2ಕ್ಕಿಂತ ಹೆಚ್ಚು!

ಇದರ ದುರ್ಬಲ ಜಾಗ ನಿಮಗೇ ಕಾಣುತ್ತಿದೆ: 0.5 ಅನ್ನೋದು ಎರಡು ದೊಡ್ಡ ಅಂಕಿಗಳ ನಡುವಿನ ಸಣ್ಣ ವ್ಯತ್ಯಾಸ. ಮೀಟರ್ 0.2 ಜಾರಿದರೆ 4 ಕೆಜಿ ಹೋಯಿತು. ಆದ್ದರಿಂದ ಪ್ರತಿ ಸಲ ಓದುವ ಮುಂಚೆ ಹೊರಗಾಳಿಗೆ 20.9 ಅಂತ ಹೊಂದಿಸಿ, ಅದೇ ಐದು ನಿಮಿಷದಲ್ಲಿ ಸ್ಯಾಂಪಲ್ ಓದಿ, ಕೊನೆಗೆ ಮತ್ತೆ ಹೊರಗಾಳಿ ಓದಿ. ಸೆನ್ಸರ್‌ಗೆ ಆಮ್ಲಜನಕದ ಭಾಗಶಃ ಒತ್ತಡ ಕಾಣೋದು, ಶೇಕಡಾ ಅಲ್ಲ. ಇದನ್ನೂ ವ್ಯಾಕ್ಯೂಮ್ ಪೈಪಿಗೆ ನೇರ ಹಚ್ಚಬೇಡಿ, ಬ್ಯಾಗಿನಿಂದಲೇ ಓದಿ. ಜೊತೆಗೆ ತೇವದ ಬ್ಯಾಗಿನಲ್ಲಿ ನೀರಾವಿಯೇ ಆಮ್ಲಜನಕವನ್ನು 0.5ಕ್ಕೂ ಹೆಚ್ಚು ತಗ್ಗಿಸಬಲ್ಲದು. ಸ್ಯಾಂಪಲ್‌ಗೂ ಹೊರಗಾಳಿಗೂ ಒಂದೇ ಸಿಲಿಕಾ ಜೆಲ್ ಟ್ಯೂಬ್ ಹಾಕಿ ಓದಿ. ಇದನ್ನು ಬಿಟ್ಟರೆ ಮೇಲಿನ 11 ಕೆಜಿ ಪೂರ್ತಿ ನೀರೇ ಇರಬಹುದು.

---

ಬಂಕ್_ಮಣ್ಣು:

ಸಿಲಿಕಾ ಜೆಲ್ ಮಾತು ಎಲ್ಲೂ ಓದಿರಲಿಲ್ಲ, ಒಳ್ಳೆಯದಾಯಿತು. ಕೊನೆಯ ಪ್ರಶ್ನೆ: ಒಟ್ಟು ತೆಗೆದ ತೂಕ ಕೂಡಿಸುತ್ತಾ ಹೋಗೋದಕ್ಕೆ ಎಷ್ಟು ದಿನಕ್ಕೊಮ್ಮೆ ಅಳೆದರೆ ಸಾಕು? ಬಾವಿಗಳನ್ನು ಬೇರೆ ಬೇರೆ ಅಳೆಯಲೇಬೇಕಾ?

---

ಪಾಸ್ಕಲ್_ಲೆಕ್ಕ:

ಬಾವಿ ಬೇರೆ ಬೇರೆ ಅಳೆಯಲೇಬೇಕು. ಮೂರರಲ್ಲಿ ಒಂದು ಬರೀ ಶುದ್ಧ ಗಾಳಿ ಎಳೆದು ಬ್ಲೋವರ್ ಶಕ್ತಿ ತಿನ್ನುತ್ತಿರಬಹುದು, ಹೆಡರ್ ನೋಡಿದರೆ ಅದು ಕಾಣಲ್ಲ. ಪ್ರತಿ ಬಾವಿಯ ಹರಿವು, ವ್ಯಾಕ್ಯೂಮ್, ಬ್ಯಾಗ್ ಪಿಐಡಿ ಮೂರನ್ನೂ ಒಂದೇ ದಿನ, ವಾಲ್ವ್ ಮುಟ್ಟದೆ ತಗೊಳ್ಳಿ. ಮೂರರ ಸ್ಟ್ಯಾಂಡರ್ಡ್ ಹರಿವು ಕೂಡಿಸಿದರೆ ಹೆಡರ್‌ಗೆ 10 ಶೇಕಡಾ ಒಳಗೆ ಬರಬೇಕು. ನಿಜ ಗಾತ್ರಗಳನ್ನು ಕೂಡಿಸಬೇಡಿ, ಒಂದೊಂದು ಬಾವಿಯ ವ್ಯಾಕ್ಯೂಮ್ ಬೇರೆ.

ಅಳತೆಯ ಅಂತರ: ಆವಿ ಮೊದಲು ಬಿರುಸಾಗಿ ಇಳಿಯುತ್ತೆ, ಆಮೇಲೆ ಉದ್ದಕ್ಕೆ ಬಾಲ ಎಳೆಯುತ್ತೆ. ಹೊಸ ಸಿಸ್ಟಮ್ ಆದರೆ ಮೊದಲ ದಿನ ಒಂದೆರಡು ಗಂಟೆಗೊಮ್ಮೆ, ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ನೀವು ಈಗ ವಾರಕ್ಕೊಮ್ಮೆ ಪಿಐಡಿ, ತಿಂಗಳಿಗೊಮ್ಮೆ ಲ್ಯಾಬ್ ಬ್ಯಾಗ್ ಮಾಡಿ. ಲ್ಯಾಬ್ ಬಂದಾಗಲೆಲ್ಲ ಆ ದಿನದ ಗುಣಕ ತೆಗೆಯಿರಿ. ಗುಣಕ ಸಿಗಬೇಕಾದರೆ ಒಂದೇ ಬ್ಯಾಗಿನಿಂದ ಪಿಐಡಿ ಓದಿ, ಅದೇ ಬ್ಯಾಗನ್ನು ಲ್ಯಾಬಿಗೆ ಕಳಿಸಬೇಕು. ನಿಮ್ಮ 1,400 ಮತ್ತು 310 ಬೇರೆ ದಿನದವು, ಅದರಿಂದ ಬರುವ 4.5 ಅನ್ನು ಇನ್ನೂ ನಂಬಬೇಡಿ. ಅರ್ಧ ಬೆರೆಸಿದಾಗ 172 ಬಂತು ಅಂದಮೇಲೆ ತೇವ ಸುಮಾರು 10 ಶೇಕಡಾ ತಿಂದಿದೆ. ಇನ್ನು ಮುಂದೆ ಬೆರೆಸಿದ ಬ್ಯಾಗಿನ ಅಂಕಿಯನ್ನೇ ಎರಡರಿಂದ ಗುಣಿಸಿ ಬಳಸಿ, ಪ್ರತಿ ಸಲವೂ ಹಾಗೇ.

ಎರಡು ಅಳತೆಗಳ ನಡುವೆ ಬರೀ ಸರಾಸರಿ ಹಿಡಿದು ದಿನಗಳಿಂದ ಗುಣಿಸಿದರೆ, ಬಿರುಸಾಗಿ ಇಳಿಯುವ ಕಾಲದಲ್ಲಿ ತೂಕ ಹೆಚ್ಚು ಬರುತ್ತೆ. ವಾರದಲ್ಲಿ 1,400 ಇಳಿದು 350 ಆಯಿತು ಅನ್ನಿ: ಸಾದಾ ಸರಾಸರಿ 875, ಲಾಗ್ ಸರಾಸರಿ (1,400 − 350) ÷ ln 4 = 757. ಇಳಿಕೆ ನಿಧಾನವಾದ ಮೇಲೆ ಎರಡೂ ಒಂದೇ. ದಿನಗಳಿಗೆ ಕ್ಯಾಲೆಂಡರ್ ನೋಡಬೇಡಿ, ಬ್ಲೋವರ್ ಪ್ಯಾನೆಲ್‌ನ ಗಂಟೆ ಮೀಟರ್ ನೋಡಿ. ಕರೆಂಟ್ ಹೋದ ಗಂಟೆಗಳಲ್ಲೂ ಪೆಟ್ರೋಲ್ ತೆಗೆದ ಹಾಗೆ ವರದಿಯಾಗುತ್ತೆ ಇಲ್ಲದಿದ್ದರೆ.

ಬಾಲ ಚಪ್ಪಟೆಯಾದಾಗ ಮುಗಿಯಿತು ಅಂತ ನಿರ್ಧರಿಸೋಕೆ ಮುಂಚೆ ಬ್ಲೋವರ್ ಎರಡರಿಂದ ನಾಲ್ಕು ವಾರ ನಿಲ್ಲಿಸಿ. ಮತ್ತೆ ಶುರು ಮಾಡಿ ಅದೇ ನಿಪ್ಪಲ್‌ನಿಂದ, ಅದೇ ವ್ಯಾಕ್ಯೂಮ್‌ನಲ್ಲಿ ಬ್ಯಾಗ್ ತಗೊಳ್ಳಿ: ಪೈಪಿನ ಹಳೆ ಗಾಳಿ ಹೋಗಲು ಮೊದಲ ಹದಿನೈದು ನಿಮಿಷ ಬಿಟ್ಟು ಒಂದು, 24 ಗಂಟೆಗೆ ಒಂದು, ವಾರಕ್ಕೆ ಒಂದು. ಜಿಗಿದು ಮೇಲೆ ಹೋಗಿ ಒಂದೇ ದಿನದಲ್ಲಿ ಹಳೆ ಮಟ್ಟಕ್ಕೆ ಬಿದ್ದರೆ, ಜೇಡಿ ಪದರದಿಂದ ನಿಧಾನವಾಗಿ ಜಿನುಗುವ ಆವಿ ಅದು. ಆಗ ದಿನವಿಡೀ ಓಡಿಸೋದರಲ್ಲಿ ಲಾಭ ಇಲ್ಲ, ಬಿಟ್ಟು ಬಿಟ್ಟು ಓಡಿಸಿದರೆ ಸಾಕು. ವಾರ ಕಳೆದರೂ ಇಳಿಯದಿದ್ದರೆ ಬಾವಿಗಳ ಹಿಡಿತಕ್ಕೆ ಸಿಗದ ಪೆಟ್ರೋಲ್ ಇನ್ನೂ ಎಲ್ಲೋ ಇದೆ. ತೆಗೆದ ಟ್ಯಾಂಕಿನ ಹಳೆ ಪೈಪ್ ಲೈನ್ ಹೋಗಿದ್ದ ದಾರಿಯಿಂದ ಹುಡುಕಲು ಶುರು ಮಾಡಿ.